ಹರಳಿನ ಮೇಲಣ ಗುಮ್ಮಟಗಳು

1938ನೆಯ ಇಸವಿಯಲ್ಲಿ, ಯೂರೋಪು ಮತ್ತೊಂದು ಮಹಾಯುದ್ಧದ ಅಂಚಿಗೆ ಬಂದು ನಿಂತಿದ್ದ ಕಾಲದಲ್ಲಿ, ವಿಯೆನ್ನಾದ ವಿಜ್ಞಾನ ಅಕಾಡೆಮಿಯ ವರದಿಗಳ ಸಂಪುಟವೊಂದರಲ್ಲಿ ಜರ್ಮನ್ ಭಾಷೆಯ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ಬಲ್ಗೇರಿಯಾದ ಇವಾನ್ ಸ್ಟ್ರಾನ್‌ಸ್ಕಿ ಮತ್ತು ಲ್ಯುಬೊಮಿರ್ ಕ್ರಸ್ತಾನೊವ್. ವಿಷಯ, ಒಂದು ಅಯಾನಿಕ ಸ್ಫಟಿಕದ ಮೇಲೆ ಇನ್ನೊಂದು ಅಯಾನಿಕ ಸ್ಫಟಿಕವು ದಿಕ್ಕು ತಪ್ಪದೆ ಬೆಳೆಯುವ ಬಗೆ. ಅಯಾನು ಅಯಾನುಗಳ ನಡುವಣ ಆಕರ್ಷಣ ವಿಕರ್ಷಣಗಳನ್ನು ಕಾಗದದ ಮೇಲೆ ಕೂಡಿ ಕಳೆದು ಅವರು ತಲುಪಿದ ನಿರ್ಣಯವಿಷ್ಟೆ: ಅಡಿಯ ಸ್ಫಟಿಕದ ಮೇಲೆ ಬಂದು ಕೂರುವ ಪದಾರ್ಥವು ಮೊದಲು ತೆಳ್ಳನೆಯ ಹಾಸಾಗಿ ಹರಡಿಕೊಂಡು, ಅನಂತರ ಹಾಸಿನ ಮೇಲೆ ಹಾಸು ಸೇರಿಸುವ ಕ್ರಮವನ್ನು ತೊರೆದು, ಅಲ್ಲಲ್ಲಿ ಗುಪ್ಪೆಗೂಡಿ ಎದ್ದು ನಿಲ್ಲಬಹುದು. ಅರ್ಧ ಶತಮಾನದ ತರುವಾಯ, ಅರೆವಾಹಕ ಸ್ಫಟಿಕಗಳ ಮೇಲೆ ತಾವಾಗಿಯೇ ಮೂಡುವ ಕ್ವಾಂಟಮ್ ಚುಕ್ಕಿಗಳ ಜನನಕ್ರಮಕ್ಕೆ ಈ ಇಬ್ಬರ ಹೆಸರೇ ನಿಂತಿತು. ಆದರೆ ಅವರು ಲೆಕ್ಕಕ್ಕೆ ತೆಗೆದುಕೊಂಡಿದ್ದ ಎರಡು ಸ್ಫಟಿಕಗಳಲ್ಲಿ ಅಯಾನುಗಳ ನಡುವಣ ಅಂತರ ಒಂದೇ ಆಗಿತ್ತು. ಭಿನ್ನವಾಗಿದ್ದದ್ದು ಅವುಗಳ ವಿದ್ಯುದಾವೇಶ ಮಾತ್ರ. ಇಂದಿನ ಚುಕ್ಕಿಗಳನ್ನು ಎಬ್ಬಿಸುವುದಾದರೋ ಆ ಅಂತರದ ವ್ಯತ್ಯಾಸವೇ. ಹೆಸರನ್ನು ಉಚ್ಚರಿಸುವವರಲ್ಲಿ ಮೂಲವನ್ನು ಓದಿದವರು ಎಷ್ಟು ಮಂದಿಯೋ!

ಸ್ಟ್ರಾನ್‌ಸ್ಕಿಯವರ ಬದುಕು ಆ ಶತಮಾನದ ಯೂರೋಪಿನ ಬದುಕಿನಂತೆಯೇ ಊರೂರು ಅಲೆದದ್ದು. 1897ರಲ್ಲಿ ಸೋಫಿಯಾದಲ್ಲಿ ಹುಟ್ಟಿದ ಅವರು ಬರ್ಲಿನ್ನಿನಲ್ಲಿಯೂ ಉರಾಲ್ ಪರ್ವತದ ಬಳಿಯ ಸ್ವೆರ್ಡ್‌ಲೋವ್ಸ್ಕ್‌ನಲ್ಲಿಯೂ ಬ್ರೆಸ್ಲಾವಿನಲ್ಲಿಯೂ ಕೆಲಸ ಮಾಡಿ, ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ನೆಲೆಸಿ, 1951ರಿಂದ ಎರಡು ವರ್ಷ ಅದರ ಮುಖ್ಯಾಧಿಕಾರವನ್ನೂ ವಹಿಸಿದರು. ಅದೇ ಸಂಸ್ಥೆಯಲ್ಲಿ ಅವರಿಗೆ ಮುಂಚೆ ಇದ್ದ ಮ್ಯಾಕ್ಸ್ ಫೋಲ್ಮರ್, ವೆಬರ್ ಎಂಬವರೊಡನೆ 1926ರಲ್ಲಿಯೇ, ಪದಾರ್ಥವು ಮೊದಲಿನಿಂದಲೂ ಹನಿಹನಿಯಾಗಿ ಗುಪ್ಪೆಗೂಡುವ ಬೆಳವಣಿಗೆಯ ಶಾಸ್ತ್ರವನ್ನು ಬರೆದಿದ್ದರು. 1949ರಲ್ಲಿ ಫ್ರ್ಯಾಂಕ್ ಮತ್ತು ವಾನ್ ಡೆರ್ ಮೆರ್ವೆ ಎಂಬವರು ಪದರದ ಮೇಲೆ ಪದರವಾಗಿ ಸಮನಾಗಿ ಬೆಳೆಯುವ ಕ್ರಮವನ್ನು ವಿವರಿಸಿದರು. ಈ ಮೂರನ್ನೂ ಒಟ್ಟಿಗೆ ಇಟ್ಟು, ಮೇಲ್ಮೈ ಶಕ್ತಿಗಳ ತಾರತಮ್ಯದಿಂದ ಯಾವಾಗ ಯಾವುದು ನಡೆಯುವುದೆಂದು 1958ರಲ್ಲಿ ವಿಂಗಡಿಸಿದವರು ಎರ್ನ್‌ಸ್ಟ್ ಬೌಅರ್. ಮೊದಲು ಹಾಸಾಗಿ ಆಮೇಲೆ ಗುಪ್ಪೆಯಾಗುವ ಮೂರನೆಯ ಬಗೆಗೆ ಸ್ಟ್ರಾನ್‌ಸ್ಕಿ-ಕ್ರಸ್ತಾನೊವ್ ಎಂಬ ಹೆಸರು ಸ್ಥಿರವಾದದ್ದು ಅಂದಿನಿಂದ. ಕ್ರಸ್ತಾನೊವ್ ಅಷ್ಟರಲ್ಲಿ ಸ್ಫಟಿಕಗಳನ್ನು ಬಿಟ್ಟು ಮೋಡ ಮಳೆಗಳ ಶಾಸ್ತ್ರಕ್ಕೆ ಹೊರಳಿದ್ದರು. ಮುಂದೆ ಬಲ್ಗೇರಿಯಾದ ವಿಜ್ಞಾನ ಅಕಾಡೆಮಿಗೆ ಅಧ್ಯಕ್ಷರೂ ಆದರು.

ಇಷ್ಟೆಲ್ಲ ಶಾಸ್ತ್ರ ಸಿದ್ಧವಾಗಿದ್ದರೂ, ಸ್ಫಟಿಕ ಬೆಳೆಸುವ ಕಸುಬಿನವರಿಗೆ ಬಹುಕಾಲ ಆ ಗುಪ್ಪೆಗಳು ರೋಗವೇ ಆಗಿದ್ದುವು. 1960ರ ದಶಕದ ಕೊನೆಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಆಲ್ಫ್ರೆಡ್ ಚೊ ಮತ್ತು ಜಾನ್ ಆರ್ಥರ್ ರೂಪಿಸಿದ ಆಣವಿಕ ಕಿರಣ ವಿಧಾನದಲ್ಲಿ, ಅತಿಶಯವಾದ ನಿರ್ವಾತದೊಳಗೆ ಕಾದ ಮೂಸೆಗಳಿಂದ ಪರಮಾಣುಗಳು ಹೊರಟು ಬಂದು ಬಿಸಿಯಾದ ಬಿಲ್ಲೆಯ ಮೇಲೆ ನೆಲೆಗೊಳ್ಳುತ್ತವೆ. ಒಂದು ಪರಮಾಣುವಿನ ದಪ್ಪದ ಪದರವನ್ನು ಬೇಕೆಂದಾಗ ಹಾಕಿ ಬೇಡವೆಂದಾಗ ನಿಲ್ಲಿಸುವ ಹತೋಟಿ ಅದರಿಂದ ಕೈಗೆ ಬಂದಿತು. ಬೆಳೆಯುತ್ತಿರುವಾಗಲೇ ಮೇಲ್ಮೈಯ ಸ್ಥಿತಿಯನ್ನು ತಿಳಿಯಲು ಎಲೆಕ್ಟ್ರಾನ್ ಕಿರಣವೊಂದನ್ನು ತೀರ ಓರೆಯಾಗಿ ಬೀಸಿ, ಎದುರಿನ ಪರದೆಯನ್ನು ನೋಡುತ್ತ ಕುಳಿತಿರುತ್ತಾರೆ. ಮೇಲ್ಮೈ ನುಣುಪಾಗಿರುವ ತನಕ ಪರದೆಯ ಮೇಲೆ ಉದ್ದುದ್ದನೆಯ ಗೀರುಗಳು ಹೊಳೆಯುತ್ತವೆ. ಗುಪ್ಪೆಗಳು ಎದ್ದವೋ, ಗೀರುಗಳು ಒಡೆದು ಚುಕ್ಕೆಚುಕ್ಕೆಗಳಾಗುತ್ತವೆ. ನುಣುಪಾದ ಪದರಗಳಿಂದ ಲೇಸರನ್ನೋ ಟ್ರಾನ್ಸಿಸ್ಟರನ್ನೋ ಮಾಡಹೊರಟವನಿಗೆ ಆ ಚುಕ್ಕೆಗಳ ದರ್ಶನವೆಂದರೆ ದಿನದ ಕೆಲಸ ಕೆಟ್ಟಿತೆಂದೇ ಅರ್ಥ.

ಕೆಡುವುದೇಕೆಂದರೆ, ಮೇಲಣ ಸ್ಫಟಿಕಕ್ಕೂ ಅಡಿಯ ಸ್ಫಟಿಕಕ್ಕೂ ಅಳತೆ ಹೊಂದದಿರುವುದರಿಂದ. ಸಿಲಿಕಾನಿನ ಜಾಲಕದ ಒಂದು ಮನೆಯ ಅಗಲ 0.543 ನ್ಯಾನೋಮೀಟರ್, ಜರ್ಮೇನಿಯಮಿನದು 0.566, ವ್ಯತ್ಯಾಸ ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು. ಗ್ಯಾಲಿಯಂ ಆರ್ಸೆನೈಡಿನ ಮೇಲೆ ಇಂಡಿಯಂ ಆರ್ಸೆನೈಡನ್ನು ಇಟ್ಟರೆ ಈ ವ್ಯತ್ಯಾಸ ನೂರಕ್ಕೆ ಏಳನ್ನು ಮೀರುತ್ತದೆ. ಗಿಡ್ಡನೆಯ ಬಟ್ಟೆಗೆ ಉದ್ದನೆಯ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ ಉದ್ದದ್ದು ನೆರಿಗೆಗಟ್ಟದೆ ಹೇಗಿದ್ದೀತು? ಮೊದಲ ಒಂದೆರಡು ಪದರ ಅಡಿಯ ಜಾಲಕಕ್ಕೆ ಮಣಿದು, ತನ್ನ ಮೈಯನ್ನು ಹಿಂಡಿಕೊಂಡು ಚಪ್ಪಟೆಯಾಗಿಯೇ ಕೂರುತ್ತದೆ. ಪದರ ಸೇರಿದಂತೆಲ್ಲ ಹಿಂಡಿದ ಶಕ್ತಿಯೂ ಸೇರುತ್ತ ಹೋಗಿ, ಜರ್ಮೇನಿಯಮ್ಮಾದರೆ ಮೂರು ನಾಲ್ಕು ಪದರಗಳಲ್ಲಿ, ಇಂಡಿಯಂ ಆರ್ಸೆನೈಡಾದರೆ ಎರಡನೆಯ ಪದರ ಪೂರ್ತಿಯಾಗುವ ಮುನ್ನವೇ, ಸಹನೆಯ ಮೇರೆ ಮೀರುತ್ತದೆ. ಆಗ ಪದಾರ್ಥವು ಗುಪ್ಪೆಯಾಗಿ ಎದ್ದರೆ, ಗುಪ್ಪೆಯ ನೆತ್ತಿ ಎಲ್ಲ ಕಡೆಗೂ ಬಯಲಿಗೆ ತೆರೆದಿರುವುದರಿಂದ ಅಲ್ಲಿಯ ಪರಮಾಣುಗಳು ತಮ್ಮ ಸಹಜವಾದ ಅಂತರಕ್ಕೆ ಮರಳಬಲ್ಲವು. ಹೊಸದಾಗಿ ಹುಟ್ಟಿದ ಇಳಿಜಾರುಗಳಿಗೆ ಮೇಲ್ಮೈ ಶಕ್ತಿಯ ತೆರಿಗೆ ತೆರಬೇಕಾಗುವುದು ನಿಜ; ಆದರೆ ಆ ತೆರಿಗೆ ಗುಪ್ಪೆಯ ಮೈಯ ವಿಸ್ತೀರ್ಣವನ್ನು ಅನುಸರಿಸುತ್ತದೆ, ಬಿಗುಪು ಸಡಿಲುವುದರ ಲಾಭ ಗಾತ್ರವನ್ನು ಅನುಸರಿಸುತ್ತದೆ; ಆದುದರಿಂದ ಒಂದು ಮಿತಿಯನ್ನು ದಾಟಿದ ಗುಪ್ಪೆಗೆ ಬೆಳೆಯುವುದೇ ಲಾಭ.

1980ರ ದಶಕಕ್ಕೆ ಬರುವ ವೇಳೆಗೆ ಭೌತಶಾಸ್ತ್ರಜ್ಞರ ಅಭಿಲಾಷೆ ಬೇರೆ ದಾರಿ ಹಿಡಿದಿತ್ತು. ಎಲೆಕ್ಟ್ರಾನನ್ನು ಮೂರು ದಿಕ್ಕಿನಲ್ಲಿಯೂ ಕಟ್ಟಿಹಾಕಿದರೆ ಅದರ ಶಕ್ತಿಯು ಪರಮಾಣುವಿನಲ್ಲಿರುವಂತೆ ಬಿಡಿಬಿಡಿ ಮೆಟ್ಟಿಲುಗಳಾಗುವುದೆಂದೂ, ಅಂಥ ಪೆಟ್ಟಿಗೆಗಳಿಂದ ಮಾಡಿದ ಲೇಸರು ಬಿಸಿಲು ಚಳಿಗಳಿಗೆ ಅಂಜದೆ ಕೆಲಸ ಮಾಡುವುದೆಂದೂ 1982ರಲ್ಲಿ ಜಪಾನಿನ ಅರಾಕಾವಾ ಮತ್ತು ಸಕಾಕಿ ಲೆಕ್ಕ ಹಾಕಿ ತೋರಿಸಿದರು. ಗಾಜಿನೊಳಗೆ ಎಕಿಮೊವ್, ದ್ರವದೊಳಗೆ ಲೂಯಿ ಬ್ರೂಸ್ ಇಂಥ ಕಣಗಳನ್ನು ಆಗಲೇ ಕಂಡಿದ್ದರು. 2023ರ ನೊಬೆಲ್ ಬಹುಮಾನ ಆ ಶಾಖೆಗೆ ಸಂದದ್ದು, ಅದರ ಕಥೆ ಬೇರೆ. ಸ್ಫಟಿಕದ ಮೇಲೆ ಚುಕ್ಕಿ ಬೇಕಾದವರು ಮೊದಲು ಹಿಡಿದದ್ದು ಶಿಲ್ಪಿಯ ಮಾರ್ಗವನ್ನು: ಪದರವನ್ನು ಬೆಳೆಸಿ, ಬೇಡದ್ದನ್ನು ಕೊರೆದು ತೆಗೆದು, ಸಣ್ಣ ಕಂಬಗಳನ್ನು ಉಳಿಸಿಕೊಳ್ಳುವುದು. ಕೊರೆದ ಗೋಡೆಗಳ ಮೇಲೆ ಗಾಯಗಳು ಉಳಿಯುತ್ತಿದ್ದುದರಿಂದ ಕಂಬ ಸಣ್ಣದಾದಷ್ಟೂ ಅದರ ಬೆಳಕು ಮಂಕಾಗುತ್ತಿತ್ತು. ಇತ್ತ 1985ರಲ್ಲಿ, ಪ್ಯಾರಿಸಿನ ಹತ್ತಿರ ಬಾನ್ಯೋ ಎಂಬಲ್ಲಿದ್ದ ಫ್ರೆಂಚ್ ದೂರಸಂಪರ್ಕ ಸಂಶೋಧನಾ ಕೇಂದ್ರದಲ್ಲಿ ಗೋಲ್ಡ್‌ಸ್ಟೈನ್, ಗ್ಲಾಸ್, ಮಾರ್ಜಾನ್ ಮೊದಲಾದವರು ಗ್ಯಾಲಿಯಂ ಆರ್ಸೆನೈಡಿನೊಳಗೆ ಹುದುಗಿಸಿದ ಇಂಡಿಯಂ ಆರ್ಸೆನೈಡಿನ ಪದರಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಅವು ಒಡೆದು ಸಣ್ಣ ಸಣ್ಣ ಗುಪ್ಪೆಗಳಾಗಿರುವುದನ್ನೂ ಅವು ಬೆಳಕು ಸೂಸುವುದನ್ನೂ ವರದಿ ಮಾಡಿದ್ದರು. ಕೊರೆಯುವವರ ಕಿವಿಗೆ ಆ ಸುದ್ದಿ ಬೀಳಲು ಇನ್ನೂ ಕೆಲವು ವರ್ಷ ಬೇಕಾಯಿತು.

ಈ ಚರಿತ್ರೆಯ ನಡುಗಂಬವೆಂದು ನಾನು ಎಣಿಸುವುದು 1990ನೆಯ ವರ್ಷವನ್ನು. ಅಲ್ಲಿಯವರೆಗೂ ಪಂಡಿತರ ಸಾಮಾನ್ಯ ನಂಬಿಕೆ, ಗುಪ್ಪೆ ಎದ್ದಿತೆಂದರೆ ಅದರ ಬುಡದಲ್ಲಿ ಸ್ಥಾನಭ್ರಂಶ ಇದ್ದೇ ಇರಬೇಕು ಎಂದು. ಅಂದರೆ ಪರಮಾಣುಗಳ ಸಾಲೊಂದು ಅಡಿಯ ಸಾಲಿನೊಡನೆ ಜತೆ ತಪ್ಪಿ, ಜಾಲಕದಲ್ಲಿ ಸೀಳು ಬಿಟ್ಟಿರಬೇಕು. ಬೆಲ್ ಪ್ರಯೋಗಾಲಯದ ಈಗಲ್‌ಶ್ಯಾಮ್ ಮತ್ತು ಸೆರುಲ್ಲೊ ಸಿಲಿಕಾನಿನ ಮೇಲೆ ಜರ್ಮೇನಿಯಂ ಗುಪ್ಪೆಗಳನ್ನು ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ಬುಡವನ್ನು ಪರೀಕ್ಷಿಸಿ ನೋಡಿದರೆ ಅಲ್ಲಿ ಸೀಳೇ ಇಲ್ಲ! ಸುಮಾರು 50 ನ್ಯಾನೋಮೀಟರ್ ದಪ್ಪದವರೆಗೂ, ಎಂದರೆ ಚಪ್ಪಟೆ ಪದರವೊಂದು ತಾಳಬಲ್ಲ ದಪ್ಪದ ಐವತ್ತರಷ್ಟರವರೆಗೂ, ಗುಪ್ಪೆಗಳು ಅಖಂಡವಾದ ಸ್ಫಟಿಕಗಳಾಗಿಯೇ ಇದ್ದುವು. ಗುಪ್ಪೆ ತಾನು ಬಾಗುವುದಲ್ಲದೆ ಕೆಳಗಿನ ಸಿಲಿಕಾನನ್ನೂ ತನ್ನೊಡನೆ ಬಾಗಿಸಿಕೊಳ್ಳುತ್ತಿತ್ತು. ಭಾರವನ್ನು ಇಬ್ಬರೂ ಹಂಚಿಕೊಂಡದ್ದರಿಂದ ಯಾರೂ ಮುರಿಯಲಿಲ್ಲ. ಸೀಳಿಲ್ಲದ ಗುಪ್ಪೆ ಎಂದರೆ ಎಲೆಕ್ಟ್ರಾನಿಗೆ ಗಾಯವಿಲ್ಲದ ಮನೆ. ಒಂದು ವಾಕ್ಯದ ಈ ಫಲಿತಾಂಶ ರೋಗವನ್ನು ಸಂಪತ್ತನ್ನಾಗಿ ಮಾಡಿತು.

ಅದೇ ವರ್ಷ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಮೊ, ಸ್ಯಾವೇಜ್, ಸ್ವಾರ್ಟ್ಜೆಂಟ್ರೂಬರ್ ಮತ್ತು ಲಗಾಲಿ, ಬಿನ್ನಿಗ್ ಮತ್ತು ರೋರರ್ ನಿರ್ಮಿಸಿದ್ದ ಸ್ಕ್ಯಾನಿಂಗ್ ಟನಲಿಂಗ್ ಸೂಕ್ಷ್ಮದರ್ಶಕದ ಮೊನೆಯನ್ನು ಅಂಥದೇ ಮೇಲ್ಮೈಯ ಮೇಲೆ ಹಾಯಿಸಿದರು. ಆ ಉಪಕರಣದಲ್ಲಿ ಪರಮಾಣುಗಳ ಸಾಲುಗಳು ಉತ್ತ ಹೊಲದಂತೆ ಒಂದೊಂದಾಗಿ ಎದ್ದು ಕಾಣುತ್ತವೆ. ಅವರಿಗೆ ಗೋಚರಿಸಿದ್ದು, ಆಯತಾಕಾರದ ಬುಡದ ಮೇಲೆ ನಾಲ್ಕು ಕಡೆಗೂ ಮಾಡು ಇಳಿಬಿಟ್ಟ ಪುಟ್ಟ ಪುಟ್ಟ ಆಕೃತಿಗಳು. ಅವನ್ನು ಅವರು ಗುಡಿಸಲುಗಳೆಂದೇ ಕರೆದರು. ಆ ಮಾಡುಗಳು ಮನಬಂದಂತೆ ಇಳಿದಿರಲಿಲ್ಲ. ಪ್ರತಿಯೊಂದೂ ಸಿಲಿಕಾನಿನ ನೆಲಕ್ಕೆ 11.3 ಡಿಗ್ರಿ ಓರೆ, ಎಂದರೆ ಐದು ಅಡಿ ನಡೆದರೆ ಒಂದು ಅಡಿ ಏರುವ ಮಂದವಾದ ಇಳಿಜಾರು. ಸ್ಫಟಿಕಶಾಸ್ತ್ರದಲ್ಲಿ ಅದಕ್ಕೆ 105 ಎಂಬ ಮುಖಸಂಖ್ಯೆ. ಒಂದು ಗುಡಿಸಲಿನಿಂದ ಇನ್ನೊಂದಕ್ಕೆ ಉದ್ದ ಬೇರೆಯಾದೀತು, ಇಳಿಜಾರು ಬೇರೆಯಾಗದು. ಬರಿಯ ಜರ್ಮೇನಿಯಮಿಗೂ ಬರಿಯ ಸಿಲಿಕಾನಿಗೂ ಅಷ್ಟಾಗಿ ಒಲಿಯದ ಈ ಮುಖ ಇಲ್ಲಿ ಮಾತ್ರ ಏಕೆ ಇಷ್ಟು ಪ್ರಿಯವಾಯಿತೆಂಬ ಪ್ರಶ್ನೆ ಹತ್ತು ಹನ್ನೆರಡು ವರ್ಷ ಕಾಡಿತು. 2002ರ ಸುಮಾರಿಗೆ ಪ್ರಯೋಗವೂ ಗಣಿತವೂ ಕೂಡಿ ಕೊಟ್ಟ ಉತ್ತರವೆಂದರೆ, ಈ ಮುಖದ ಮೇಲಣ ಪರಮಾಣುಗಳು ಮೆಟ್ಟಿಲ ಅಂಚಿನಲ್ಲಿ ಹೊಸ ಬಗೆಯಲ್ಲಿ ಕೈಹಿಡಿದುಕೊಳ್ಳುತ್ತವೆ, ಆ ಹಿಡಿತದಲ್ಲಿ ಅವು ಸಹಜವಾಗಿ ಹಿಗ್ಗಿಕೊಂಡಿರುತ್ತವೆ. ಆದುದರಿಂದ ಹೊರಗಿನಿಂದ ಹಿಂಡುವ ಬಲ ಅವುಗಳಿಗೆ ಹಿತವಾಗಿಯೇ ಪರಿಣಮಿಸುತ್ತದೆ. ಉಳಿದೆಲ್ಲ ಮೈಗೂ ಪೀಡೆಯಾದದ್ದು ಈ ಒಂದು ಮುಖಕ್ಕೆ ಪೋಷಣೆ.

1990ರ ಅನಂತರದ ಐದು ವರ್ಷ ಸುಗ್ಗಿ. 1993ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ಪಿಯೆರ್ ಪೆತ್ರೋಫ್ ಅವರ ತಂಡ, ಇಂಡಿಯಂ ಗ್ಯಾಲಿಯಂ ಆರ್ಸೆನೈಡಿನ ಬೆಳವಣಿಗೆಯನ್ನು ಗುಪ್ಪೆಗಳು ತಲೆಯೆತ್ತುವ ಕ್ಷಣದಲ್ಲಿಯೇ ತಡೆದು, ಸುಮಾರು 30 ನ್ಯಾನೋಮೀಟರ್ ಅಗಲದ, ನೂರಕ್ಕೆ ಹತ್ತರೊಳಗಿನ ವ್ಯತ್ಯಾಸದಲ್ಲಿ ಒಂದನ್ನೊಂದು ಹೋಲುವ ಚುಕ್ಕಿಗಳನ್ನು ತೋರಿಸಿತು. ಮರುವರ್ಷ ಫ್ರೆಂಚರು ಒಂಟಿ ಚುಕ್ಕಿಯಿಂದ ಕೂದಲಿನಷ್ಟು ತೆಳುವಾದ ಬೆಳಕಿನ ರೇಖೆಗಳನ್ನು ಹಿಡಿದರು. ಅದೇ 1994ರಲ್ಲಿ ಬರ್ಲಿನ್ನಿನ ತಾಂತ್ರಿಕ ವಿಶ್ವವಿದ್ಯಾಲಯದವರೂ ಸೇಂಟ್ ಪೀಟರ್ಸ್‌ಬರ್ಗಿನ ಅಯೊಫೆ ಸಂಸ್ಥೆಯವರೂ ಸೇರಿ ಇಂಥ ಚುಕ್ಕಿಗಳಿಂದ ಲೇಸರನ್ನು ನಡೆಸಿದರು. ಸ್ಟ್ರಾನ್‌ಸ್ಕಿ ಆಳಿದ್ದ ಮನೆಯಲ್ಲಿಯೇ ಈ ಕೆಲಸ ನಡೆದದ್ದು ಕಾಕತಾಳೀಯವಾದರೂ ಸೊಗಸು. 1995ರಲ್ಲಿ ಅನುಪಮ್ ಮಧುಕರ್ ಅವರ ತಂಡ, ಒಂದು ಸಾಲು ಚುಕ್ಕಿಗಳನ್ನು ಮುಚ್ಚಿ ಅದರ ಮೇಲೆ ಇನ್ನೊಂದು ಸಾಲು ಬೆಳೆಸಿದರೆ, ಹೂತುಹೋದ ಚುಕ್ಕಿಯ ಒತ್ತಡ ಮಣ್ಣಿನಡಿಯಿಂದಲೇ ಕರೆದು ಮೇಲಿನದನ್ನು ತನ್ನ ನೆತ್ತಿಗೆ ನೇರವಾಗಿ ನಿಲ್ಲಿಸಿಕೊಳ್ಳುವುದೆಂದು ತೋರಿಸಿತು.

ಇನ್ನು ವಾದದ ಪ್ರಕರಣ. ಜರ್ಮೇನಿಯಂ ಚುಕ್ಕಿಗಳನ್ನು ಬೆಳೆಸಿ, ತಣ್ಣಗಾದ ಮೇಲೆ ಎಣಿಸಿ ಅಳೆದವರಿಗೆಲ್ಲ ಒಂದು ವಿಚಿತ್ರ ಕಾಣಿಸುತ್ತಿತ್ತು: ಗಾತ್ರಗಳ ನಕ್ಷೆಯಲ್ಲಿ ಒಂದು ಶಿಖರವಲ್ಲ, ಎರಡು. ಚಿಕ್ಕವು ಚೌಕ ಬುಡದ ಮಂದವಾದ ಪಿರಮಿಡ್‌ಗಳು. ದೊಡ್ಡವು ಹಲವು ಮುಖಗಳ, 25 ಡಿಗ್ರಿ ಮತ್ತು 33 ಡಿಗ್ರಿಗೂ ಮೀರಿದ ಕಡಿದಾದ ಇಳಿಜಾರುಗಳ ಗುಮ್ಮಟಗಳು. ನಡುವೆ ಹೆಚ್ಚೇನೂ ಇಲ್ಲ. ಕಡಿದಾದ ಆಕೃತಿಯು ಬಿಗುಪನ್ನು ಹೆಚ್ಚಾಗಿ ಸಡಿಲಿಸುತ್ತದೆ, ಆದರೆ ಮೈಯ ವಿಸ್ತೀರ್ಣಕ್ಕೆ ಹೆಚ್ಚು ತೆರಿಗೆ ಕೊಡುತ್ತದೆ. ಆದ್ದರಿಂದ ಚಿಕ್ಕದು ಪಿರಮಿಡ್ಡಾಗಿಯೂ ದೊಡ್ಡದು ಗುಮ್ಮಟವಾಗಿಯೂ ಇರತಕ್ಕದ್ದು ಎಂಬಲ್ಲಿ ಎಲ್ಲರಿಗೂ ಸಮ್ಮತಿ. ಜಗಳ ಇದ್ದದ್ದು ನಡುವಣ ಶೂನ್ಯದ ವಿಚಾರದಲ್ಲಿ. ಹ್ಯೂಲೆಟ್-ಪ್ಯಾಕರ್ಡ್ ಪ್ರಯೋಗಾಲಯದ ಮೆಡೈರೊಸ್-ರಿಬೈರೊ, ಸ್ಟ್ಯಾನ್ಲಿ ವಿಲಿಯಮ್ಸ್ ಮತ್ತು ಅವರ ಸಂಗಡಿಗರು 1998ರಲ್ಲಿ ಹೇಳಿದ್ದು, ಪಿರಮಿಡ್ಡಿಗೂ ಗುಮ್ಮಟಕ್ಕೂ ತಮಗೆ ತಮಗೆ ಹಿತವಾದ ಒಂದೊಂದು ಗಾತ್ರವಿದ್ದು, ಚುಕ್ಕಿಗಳು ಆ ಎರಡು ಸಮತೋಲಗಳಲ್ಲಿ ವಿಶ್ರಮಿಸುತ್ತವೆ ಎಂದು. ಯಾರ್ಕ್‌ಟೌನ್ ಹೈಟ್ಸ್‌ನ ಐಬಿಎಂ ಪ್ರಯೋಗಾಲಯದ ಫ್ರಾನ್ಸಿಸ್ ರಾಸ್, ಟೆರ್ಸಾಫ್ ಮತ್ತು ಟ್ರಾಂಪ್ ಅದೇ ವರ್ಷ ಹೇಳಿದ್ದು, ಇಲ್ಲಿ ವಿಶ್ರಾಂತಿಯೇ ಇಲ್ಲ, ನಡೆಯುತ್ತಿರುವುದು ಒಂದನ್ನೊಂದು ನುಂಗುವ ಪೈಪೋಟಿ ಎಂದು.

ರಾಸ್ ಅವರ ಬಲವಿದ್ದದ್ದು ಅವರ ಉಪಕರಣದಲ್ಲಿ. ಉಳಿದವರು ಬೆಳವಣಿಗೆಯನ್ನು ನಿಲ್ಲಿಸಿ, ತಣಿಸಿ, ಹೊರತೆಗೆದು ನೋಡುತ್ತಿದ್ದರೆ, ಅವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಬಿಲ್ಲೆಯನ್ನು ಕಾಯಿಸಿ, ಜರ್ಮೇನಿಯಂ ಹೊತ್ತ ಅನಿಲವನ್ನು ಒಳಬಿಟ್ಟು, ಚುಕ್ಕಿಗಳು ಹುಟ್ಟಿ ಬೆಳೆಯುವುದನ್ನು ಹುಟ್ಟಿದ ಕ್ಷಣದಿಂದಲೇ ಚಲಚ್ಚಿತ್ರವಾಗಿ ಹಿಡಿದರು. ಚಿತ್ರದಲ್ಲಿ ಕಾಣುವುದಿದು: ಆರಂಭದಲ್ಲಿ ಎಲ್ಲವೂ ಒಂದೇ ಬಗೆಯ ಸಣ್ಣ ಪಿರಮಿಡ್‌ಗಳು, ಎಲ್ಲವೂ ಬೆಳೆಯುತ್ತಿವೆ. ಒಂದು ಗಾತ್ರವನ್ನು ಮುಟ್ಟಿದ ಕೆಲವು, ಗುಮ್ಮಟದ ಆಕಾರಕ್ಕೆ ಹೊರಳುತ್ತಲೇ, ದಿಢೀರನೆ ವೇಗವಾಗಿ ಹಿಗ್ಗತೊಡಗುತ್ತವೆ. ಪಕ್ಕದ ಪಿರಮಿಡ್‌ಗಳು ಮೊದಲು ನಿಂತು, ಆಮೇಲೆ ಕುಗ್ಗಿ, ಕೊನೆಗೆ ಅಳಿಸಿಹೋಗುತ್ತವೆ. ಗುಮ್ಮಟವಾದ ಚುಕ್ಕಿಯಲ್ಲಿ ಪರಮಾಣುವಿಗೆ ಸಿಗುವ ನೆಲೆ ಥಟ್ಟನೆ ಹಿತವಾಗುವುದರಿಂದ, ಮೇಲ್ಮೈಯಲ್ಲಿ ಅಲೆಯುವ ಪರಮಾಣುಗಳು ಅತ್ತಲೇ ಹರಿದು, ಹೊಸ್ತಿಲು ದಾಟಿದವರು ಕೊಬ್ಬುತ್ತಾರೆ, ದಾಟದವರು ಸೊರಗುತ್ತಾರೆ. ನಡುವಣ ಗಾತ್ರದಲ್ಲಿ ಯಾರೂ ಬಹಳ ಹೊತ್ತು ನಿಲ್ಲದಿರುವುದರಿಂದ ನಕ್ಷೆಯಲ್ಲಿ ಅಲ್ಲಿ ತಗ್ಗು. ತಣಿದ ಬಿಲ್ಲೆಯ ಎರಡು ಶಿಖರಗಳು, ಓಟವನ್ನು ನಡುವೆಯೇ ನಿಲ್ಲಿಸಿ ತೆಗೆದ ಚಿತ್ರದ ಶಿಖರಗಳು.

1999ರಲ್ಲಿ ಪ್ರಕಟವಾದ ಮುಂದಿನ ಪ್ರಬಂಧ ಇನ್ನೂ ಸೂಕ್ಷ್ಮವಾದದ್ದು. ಪಿರಮಿಡ್ಡು ಗುಮ್ಮಟವಾಗುವುದು ಒಂದೇ ನೆಗೆತದಲ್ಲಲ್ಲ. ಮೊದಲು ಒಂದು ಮಗ್ಗುಲಲ್ಲಿ ಕಡಿದಾದ ಮುಖ ಹುಟ್ಟಿ ಚುಕ್ಕಿ ಸೊಟ್ಟಗಾಗುತ್ತದೆ, ಆಮೇಲೆ ಇನ್ನೊಂದು, ಮತ್ತೊಂದು, ಹೀಗೆ ಅಸಮವಾದ ಮಧ್ಯಾವಸ್ಥೆಗಳ ಸರಣಿಯನ್ನೇ ಹಾದುಹೋಗುತ್ತದೆ. ಈ ಮಧ್ಯಾವಸ್ಥೆಗಳು ಬಿಲ್ಲೆ ತಣಿಯುವಾಗ ಪೂರ್ಣ ಗುಮ್ಮಟಕ್ಕೆ ಮಗುಚಿಕೊಳ್ಳುತ್ತವೆ, ಮತ್ತೆ ಕಾಯಿಸಿದರೆ ಹಿಂದಿರುಗುತ್ತವೆ. ತಣಿಸಿ ನೋಡುವವರು ಅವನ್ನು ಕಾಣದೆ ಹೋದದ್ದರಲ್ಲಿ ಅವರ ಅಜಾಗ್ರತೆ ಏನೂ ಇರಲಿಲ್ಲ. ಈ ವಾದದಲ್ಲಿ ನನ್ನ ಮನಸ್ಸು ಐಬಿಎಂ ಪಕ್ಷಕ್ಕೆ ವಾಲಿದ್ದರೂ, ಸಮತೋಲವಾದಿಗಳ ಲೆಕ್ಕ ವ್ಯರ್ಥವಾಯಿತೆನ್ನಲಾರೆ. ಗಾತ್ರಕ್ಕೆ ತಕ್ಕ ಆಕಾರವೆಂಬ ಅವರ ಸೂತ್ರವೇ ಪ್ರತಿಪಕ್ಷದ ಪೈಪೋಟಿಗೂ ಆಧಾರ. ಮರುವರ್ಷ, ಸಿಲಿಕಾನಿನೊಡನೆ ಸ್ವಲ್ಪವೇ ಜರ್ಮೇನಿಯಂ ಬೆರೆಸಿದರೆ ಗುಪ್ಪೆಗಳು ಹುಟ್ಟುವುದಕ್ಕೆ ಯಾವ ಹೊಸ್ತಿಲೂ ಇಲ್ಲದೆ ಮೇಲ್ಮೈ ತಾನೇ ಮೆಲ್ಲನೆ ಅಲೆಯಾಗಿ ಏಳುವುದನ್ನು ಲಗಾಲಿಯವರ ಕಡೆಯವರೂ ಟ್ರಾಂಪ್ ಕಡೆಯವರೂ ಬೇರೆ ಬೇರೆಯಾಗಿ ಕಂಡರು. ಹಿಂಡಿದ ಘನಪದಾರ್ಥದ ನೆತ್ತಿ ಹೀಗೆ ಅಲೆಗೊಳ್ಳಬೇಕೆಂದು ಅಸಾರೊ ಮತ್ತು ಟಿಲ್ಲರ್ 1972ರಲ್ಲಿಯೇ ಗಣಿತದಿಂದ ಸೂಚಿಸಿದ್ದರು.

ಚುಕ್ಕಿಯಿಂದ ಏನಾದರೂ ಉಪಕರಣ ಮಾಡಬೇಕಾದರೆ ಅದನ್ನು ಹೂಳಲೇ ಬೇಕು. ಹೂಳುವಾಗ ಅದು ಸುಮ್ಮನಿರುವುದಿಲ್ಲ. 2001ರಲ್ಲಿ ರಾಸ್ಟೆಲ್ಲಿ, ಕುಮ್ಮರ್, ಫೊನ್ ಕೆನೆಲ್ ಎಂಬವರು ಜರ್ಮೇನಿಯಂ ಗುಮ್ಮಟಗಳ ಮೇಲೆ ಸಿಲಿಕಾನನ್ನು ಸುರಿಸುತ್ತ ಹೋದಾಗ, ಗುಮ್ಮಟ ಪಿರಮಿಡ್ಡಾಗಿ, ಪಿರಮಿಡ್ಡು ಮೆಟ್ಟಿಲುಮೆಟ್ಟಿಲಾದ ದಿಬ್ಬವಾಗಿ, ಬಂದ ದಾರಿಯಲ್ಲಿಯೇ ಹಿಮ್ಮೆಟ್ಟಿತು. ಸಿಲಿಕಾನು ಬೆರೆತಂತೆ ಅಳತೆಯ ವ್ಯತ್ಯಾಸ ಕಡಿಮೆಯಾಗಿ, ಕಡಿದಾಗಿ ನಿಲ್ಲುವ ಅಗತ್ಯವೂ ಕಡಿಮೆಯಾಯಿತು. ಆಕಾರವೆಂಬುದು ಚುಕ್ಕಿಯ ಗಾತ್ರವನ್ನು ಮಾತ್ರವಲ್ಲ, ಅದರ ಒಳಮಿಶ್ರಣವನ್ನೂ ಅನುಸರಿಸುವುದೆಂದು ಇದರಿಂದ ಸ್ಪಷ್ಟವಾಯಿತು. ಇಂಡಿಯಂ ಆರ್ಸೆನೈಡಿನ ಚುಕ್ಕಿಗಳನ್ನು ಅರೆಬರೆ ಮುಚ್ಚಿ ಕಾಯಿಸಿದ ಪೆತ್ರೋಫ್ ತಂಡಕ್ಕೆ ಅದಕ್ಕೂ ಮುಂಚೆಯೇ, 1997ರಲ್ಲಿ, ಬೇರೊಂದು ರೂಪ ಸಿಕ್ಕಿತ್ತು: ನಡುವಿನ ಇಂಡಿಯಂ ಅಂಚಿನ ಕಡೆಗೆ ಹರಿದುಹೋಗಿ, ಚುಕ್ಕಿಯ ಎದೆ ಬರಿದಾಗಿ, ಉಳಿದದ್ದು ಉಂಗುರ. ಎಲೆಕ್ಟ್ರಾನನ್ನು ವೃತ್ತಾಕಾರದಲ್ಲಿ ಸುತ್ತಿಸಿ ನೋಡಬಯಸಿದವರಿಗೆ ಅದು ಬೇಡದೆ ಬಂದ ವರವಾಯಿತು.

ಗುಡಿಸಲಿನ ಮಾತು ಇಷ್ಟಕ್ಕೇ ಮುಗಿಯಲಿಲ್ಲ. ಗಾತ್ರದಲ್ಲಿ ಗುಮ್ಮಟಕ್ಕೆ ಸೋತು, ಚುಕ್ಕಿಗಳ ಜಾತಿಯಲ್ಲಿ ಕೀಳೆನಿಸಿಕೊಂಡಿದ್ದ ಅದನ್ನು 2012ರಲ್ಲಿ ಶ್ಮಿಟ್, ಕಟ್ಸಾರೋಸ್, ಮೊಂಟಲೆಂಟಿ ಮೊದಲಾದವರು, ಅಲ್ಪ ಜರ್ಮೇನಿಯಮ್ಮನ್ನು ಹಾಕಿ, ಹೊಸದೇನನ್ನೂ ಸೇರಿಸದೆ, ಬಿಸಿಯಲ್ಲಿ ಬಹುಹೊತ್ತು ಬಿಟ್ಟರು. ಗುಡಿಸಲು ಎತ್ತರಕ್ಕೆ ಏಳಲಿಲ್ಲ, ಅಗಲಕ್ಕೂ ಹರಡಲಿಲ್ಲ; ಒಂದೇ ದಿಕ್ಕಿನಲ್ಲಿ ಉದ್ದಕ್ಕೆ ಚಾಚುತ್ತ, ಜಾಲಕದ ಮೂರೇ ಮನೆಗಳ ಎತ್ತರವನ್ನು ಬಿಡದೆ, ಎರಡು ಮೈಕ್ರೋಮೀಟರ್‌ಗಳವರೆಗಿನ ತಂತಿಯಾಯಿತು. 2018ರಲ್ಲಿ ಆಸ್ಟ್ರಿಯಾದಲ್ಲಿ ಅಂಥ ತಂತಿಯೊಂದರ ಮೇಲೆ ವಿದ್ಯುದ್ದ್ವಾರಗಳನ್ನು ಜೋಡಿಸಿ, ಅದರೊಳಗೆ ಸಿಕ್ಕಿದ ಒಂದು ರಂಧ್ರದ, ಎಂದರೆ ಎಲೆಕ್ಟ್ರಾನ್ ಇಲ್ಲದ ತೆರವಿನ, ತಿರುಗಣೆಯನ್ನು (ಸ್ಪಿನ್) ಮೈಕ್ರೋವೇವ್ ಅಲೆಗಳಿಂದ ಹೊರಳಿಸಿ, ಕ್ವಾಂಟಮ್ ಗಣಕದ ಮೂಲಘಟಕವಾದ ಕ್ಯೂಬಿಟ್ ಆಗಿ, ಜರ್ಮೇನಿಯಮಿನಲ್ಲಿಯೇ ನಡೆಸಿದರು.